ಬೆಳ್ಳಿಯ ಬಾಣಂತನ ಮತ್ತು ನನ್ನ ಮರಾಠಿ

ಕೂದಲಿನ ವಿಷಯದಲ್ಲಿ ಮನುಷ್ಯರ ನಡತೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದು ತಲೆಯ ಮೇಲಿರುವಷ್ಟು ಹೊತ್ತು ಎಣ್ಣೆ ಹಚ್ಚುತ್ತೇವೆ, ಬಾಚುತ್ತೇವೆ, ಹೂವು ಮುಡಿಸುತ್ತೇವೆ. ಅದೇ ಕೂದಲು ಒಂದು ಮೊಳ ಕೆಳಗಿಳಿದು ತಾಟಿಗೆ ಬಿತ್ತೆಂದರೆ ಊಟ ಬಿಟ್ಟು ಏಳುತ್ತೇವೆ. ಹೆಂಡತಿಯ ಕೂದಲಾದರೆ ಗೊಣಗುತ್ತೇವೆ, ಅತ್ತೆಯದಾದರೆ ಸುಮ್ಮನೆ ತೆಗೆದು ಪಕ್ಕಕ್ಕಿಡುತ್ತೇವೆ. ನಾಯಿಯದಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಬಾಡಿಗೆ ಮನೆ, ಹೆಂಡತಿ, ಮರಾಠಿ ಬಲ್ಲವನೆಂಬ ಹೆಸರು, ಈ ಮೂರನ್ನೂ ಒಂದೇ ವಾರದಲ್ಲಿ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ. ದೇವರ ದಯೆ, ಮೊದಲಿನ ಎರಡು ಉಳಿದವು.

ಕರ್ನಾಟಕ ಇನ್ನೇನು ಒಂದಾಗುತ್ತದೆ ಎಂದು ಚಹಾದ ಅಂಗಡಿಯಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಎಲ್ಲರೂ ಮಾತನಾಡುತ್ತಿದ್ದ ವರ್ಷ ಅದು. ಅಲ್ಲಿಯ ತನಕ ನಾವು ಮುಂಬಯಿ ರಾಜ್ಯದವರು. ನಾನು ಬೆಟಗೇರಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ಕೆಲಸಕ್ಕೆ ಸೇರುವಾಗ ಯಾರೋ "ಮರಾಠಿ ಬರ್ತೈತೇನು?" ಎಂದು ಕೇಳಿದ್ದರು. ಬರುವುದಿಲ್ಲ ಎಂದರೆ ಕೆಲಸ ಎಲ್ಲಿ ಹೋಗುವುದೋ ಎಂದು "ಬರ್ತೈತ್ರಿ" ಎಂದುಬಿಟ್ಟಿದ್ದೆ. ನನಗೆ ಬರುತ್ತಿದ್ದದ್ದು ಸಂತೆಯಲ್ಲಿ ಕಿವಿಗೆ ಬಿದ್ದ ಇಪ್ಪತ್ತು ಮೂವತ್ತು ಶಬ್ದ. ಆದರೆ ಒಮ್ಮೆ ಬರುತ್ತದೆ ಎಂದ ಮೇಲೆ ಬರುವುದಿಲ್ಲ ಎನ್ನಲು ಇನ್ನೂ ಹೆಚ್ಚಿನ ಧೈರ್ಯ ಬೇಕು. ಅದು ನನ್ನಲ್ಲಿರಲಿಲ್ಲ.

ನಾವು ಇದ್ದದ್ದು ನೇಕಾರ ವಿರೂಪಾಕ್ಷಪ್ಪನವರ ಮನೆಯ ಮುಂದಿನ ಎರಡು ಖೋಲಿಗಳಲ್ಲಿ. ಹಿಂದಿನ ಪಡಸಾಲೆಯಲ್ಲಿ ಅವರ ಎರಡು ಮಗ್ಗ. ಅವುಗಳ ಲಟಪಟ ಸದ್ದು ಇಲ್ಲದಿದ್ದರೆ ನನಗೆ ಮಧ್ಯಾಹ್ನದ ನಿದ್ದೆ ಬರುತ್ತಿರಲಿಲ್ಲ. ವಿರೂಪಾಕ್ಷಪ್ಪ ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ಮನೆಯ ಮಾತೆಲ್ಲ ಅವರ ತಾಯಿ ಸಂಗವ್ವನದೇ. ಎಪ್ಪತ್ತು ದಾಟಿದ ಮುದುಕಿ, ಕಟ್ಟೆಯ ಮೇಲೆ ಕೂತು ಓಣಿಯನ್ನೆಲ್ಲ ಆಳುತ್ತಿದ್ದಳು.

ಇನ್ನು ಬೆಳ್ಳಿ. ಅದು ನಮ್ಮ ನಾಯಿಯ ಹೆಸರು. ಬಾಲದ ತುದಿಯಿಂದ ಮೂಗಿನವರೆಗೆ ಹಾಲಿನಂಥ ಬಿಳುಪು, ಒತ್ತಾದ ಕೂದಲು. ನನ್ನ ಹೆಂಡತಿ ನೀಲಾ ಲಕ್ಷ್ಮೇಶ್ವರದಿಂದ ಗಂಡನ ಮನೆಗೆ ಬರುವಾಗ ಅವಳ ಜೊತೆಗೇ ಚಕ್ಕಡಿಯಲ್ಲಿ ಕೂತು ಬಂದದ್ದು. ನನ್ನ ಮಾವ ಅದನ್ನು ನನ್ನ ಕೈಗೆ ಕೊಡುತ್ತ, "ಅಳಿಯಾರ, ಇಕಿ ಸಂಸ್ಥಾನದ ನಾಯಿ. ಬ್ರಿಟಿಷರ ಕಡೆ ನಾಯಿ ಹಂಗ ಕಂಡವರ ಕಾಲಿಗೆ ಬೀಳಾಕಿ ಅಲ್ಲ" ಎಂದಿದ್ದರು. ಲಕ್ಷ್ಮೇಶ್ವರವಿದ್ದ ಸಂಸ್ಥಾನವೂ ಸೇರಿ ಸಂಸ್ಥಾನಗಳೆಲ್ಲ ಹೋಗಿ ವರ್ಷಗಳಾಗಿದ್ದವು. ಆದರೆ ಆ ಸಂಗತಿಯನ್ನು ಬೆಳ್ಳಿಗೆ ಯಾರೂ ತಿಳಿಸಿರಲಿಲ್ಲ. ಅವಳು ನನ್ನನ್ನು ಕೊನೆಯವರೆಗೂ ಪರಪ್ರಾಂತದ ನೌಕರನಂತೆಯೇ ನೋಡಿದಳು.

ಆ ಬೇಸಿಗೆಯಲ್ಲಿ ಬೆಳ್ಳಿ ನಾಲ್ಕು ಮರಿ ಹಾಕಿದಳು. ನೀಲಾ ಅವಳಿಗೆ ನುಚ್ಚು, ಹಾಲು, ಬೆಲ್ಲ ಎಂದು ಬಾಣಂತನವನ್ನೇ ಮಾಡಿದಳು. ಎರಡು ತಿಂಗಳಲ್ಲಿ ಮರಿಗಳು ಹಾಲು ಬಿಟ್ಟವು. ಎರಡು ನಾಗಾವಿಗೆ ಹೋದವು, ಎರಡು ಹಿರೇವಡ್ಡಟ್ಟಿಗೆ. ಮನೆ ಶಾಂತವಾಯಿತು ಎಂದು ನಾನು ಉಸಿರು ಬಿಟ್ಟೆ. ಬಿಟ್ಟ ಉಸಿರಿಗೆ ಎದುರಿನಿಂದ ಒಂದು ಬಿಳಿಯ ಎಳೆ ತೇಲಿ ಬಂದು ಮೂಗಿನ ಮೇಲೆ ಕೂತಿತು.

ಮೊದಲು ಅದು ಅಲ್ಲೊಂದು ಇಲ್ಲೊಂದು. ಒಂದು ವಾರದಲ್ಲಿ ಮುಷ್ಟಿಗಟ್ಟಲೆ. ಬೆಳ್ಳಿ ಎದ್ದು ಮೈ ಕೊಡವಿದರೆ ಖೋಲಿಯಲ್ಲಿ ಅರಳೆ ಹಿಂಜಿದಂತಾಗುತ್ತಿತ್ತು. ನನ್ನ ಕರಿ ಕೋಟು ಬೂದುಬಣ್ಣಕ್ಕೆ ತಿರುಗಿತು. ಜೋಳದ ರೊಟ್ಟಿಯಲ್ಲಿ, ಹಾಸಿಗೆಯಲ್ಲಿ, ಮಕ್ಕಳ ಉತ್ತರ ಪತ್ರಿಕೆಗಳಲ್ಲಿ, ಎಲ್ಲೆಲ್ಲೂ ಕೂದಲು. ಒಬ್ಬ ಹುಡುಗಿಯ ಪತ್ರಿಕೆಯಲ್ಲಿ ಕೂದಲನ್ನು ದೀರ್ಘವೆಂದು ಓದಿ ಒಂದು ತಪ್ಪು ಹಾಕಿದ್ದೆ. ಬೆಳ್ಳಿಯ ಪಕ್ಕೆಗಳಲ್ಲಿ ಚರ್ಮ ಕಾಣತೊಡಗಿತು. ಬಾಲವಂತೂ ಇಲಿಯ ಬಾಲವಾಯಿತು. ತಿನ್ನುವುದು, ಮಲಗುವುದು, ನನ್ನನ್ನು ಕಂಡು ಮುಖ ತಿರುಗಿಸುವುದು ಎಲ್ಲ ಮೊದಲಿನಂತೆಯೇ ಇತ್ತು. ಹಾಗಾದರೆ ಇದು ರೋಗವೋ, ಅಲ್ಲವೋ? ನನಗೆ ತಿಳಿಯಲಿಲ್ಲ.

ನಮ್ಮ ಶಾಲೆಯ ಡ್ರಿಲ್ ಮಾಸ್ತರರನ್ನು ಕೇಳಿದೆ. ಅವರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. "ಕಜ್ಜಿರೀ ಅದು. ಅರಿವಿ ತೊಳಿಯೋ ಸಾಬಣ ಹಚ್ಚಿ ದಿನಾ ತಿಕ್ರಿ. ಎಂಟು ದಿನದಾಗ ನಿಂತಿಲ್ಲಂದ್ರ ನನ್ನ ಹೆಸರು ಬದಲ ಮಾಡ್ರಿ" ಎಂದರು. ಎಂಟು ದಿನ ತಿಕ್ಕಿದೆ. ಕೂದಲು ಇನ್ನೂ ಜೋರಾಗಿ ಉದುರಿತು, ಬೆಳ್ಳಿ ಸಾಬೂನು ಕಂಡರೆ ಮಂಚದ ಕೆಳಗೆ ಸೇರಿ ಹಲ್ಲು ತೋರಿಸತೊಡಗಿದಳು, ನೀಲಾ ನನ್ನೊಡನೆ ಮಾತು ಬಿಟ್ಟಳು. ಡ್ರಿಲ್ ಮಾಸ್ತರರ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಒಂದು ಸಂಜೆ ವಿರೂಪಾಕ್ಷಪ್ಪ ಬಾಗಿಲಿಗೆ ಬಂದು, "ಮಾಸ್ತರ, ಒಂದೀಟು ಒಳಗ ಬರ್ರಿ" ಎಂದರು. ಹೋದೆ. ಮಗ್ಗದ ಮೇಲೆ ಮುಂಡರಗಿಯ ಒಂದು ಮನೆಯವರು ಮದುವೆಗೆಂದು ಹೇಳಿ ನೇಯಿಸುತ್ತಿದ್ದ ಸೀರೆ. ದಾಳಿಂಬರ ಬಣ್ಣದ ಮೈ. ಅದರ ನಟ್ಟನಡುವೆ ಗೇಣುದ್ದದ ಜಾಗದಲ್ಲಿ ಸಣ್ಣ ಸಣ್ಣ ಹೊಳೆಯುವ ಗೆರೆಗಳು.

"ಇದೇನು ಹೇಳ್ರಿ?" ಎಂದರು.

ನಾನು ಬಗ್ಗಿ ನೋಡಿ, ಮೆಚ್ಚುಗೆಯ ದನಿಯಲ್ಲಿ, "ಭಾಳ ಚೆಂದ ಐತ್ರಿ. ಜರಿ ಏನ್ರಿ?" ಎಂದೆ.

"ಹೌದ್ರಿ, ಬೆಳ್ಳೀದು. ನಿಮ್ಮ ಬೆಳ್ಳೀದು."

ವಿರೂಪಾಕ್ಷಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸರಿಯಾಗುತ್ತಿತ್ತು, ನಾನೂ ಏನಾದರೂ ಅನ್ನಬಹುದಿತ್ತು. ಅವರು ಮೆಲ್ಲಗೆ, "ನಾಕು ದಿನದ ಕೆಲಸ ಬಿಚ್ಚಬೇಕ್ರಿ ಈಗ. ಲಗ್ನದ ಸೀರಿ. ಉಟ್ಟಾಕಿ ಮೈಮ್ಯಾಲ ನಾಯಿ ಕೂದ್ಲಾ ಹೆಂಗ ಕಳಸ್ಲಿ? ರವಿವಾರದ ತನಕ ನೋಡ್ರಿ. ನಾಯಿ ಲಕ್ಷ್ಮೇಶ್ವರಕ್ಕ ಕಳಸ್ರಿ, ಇಲ್ಲಂದ್ರ ನೀವು ಬ್ಯಾರೆ ಮನಿ ನೋಡ್ಕೊರಿ" ಎಂದರು.

ಇದನ್ನು ನೀಲಾಳಿಗೆ ಹೇಳಿದೆ. ಎಂಟು ದಿನದಿಂದ ಮಾತು ಬಿಟ್ಟಿದ್ದವಳು ಈಗ ಮಾತಾಡಿದಳು. "ಬೆಳ್ಳಿ ಹೋದ್ರ ಆಕಿ ಕೂಡ ನಾನೂ ಹೋಗಾಕಿ. ಹಡದು ಸೊರಗಿದಾಕಿನ್ನ ಹೊರಗ ಹಾಕೋ ಮನ್ಯಾಗ ನಾಳೆ ನನ್ನ ಗತಿ ಏನು?" ಬೆಳ್ಳಿ ಅವಳ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಇಬ್ಬರ ನೋಟವೂ ಒಂದೇ ತೆರನಾಗಿತ್ತು.

ಮರುದಿನ ಶಾಲೆಗೆ ರಜೆ ಹಾಕಿ, ಬೆಳ್ಳಿಗೆ ಹಗ್ಗ ಕಟ್ಟಿ, ಗದಗಿನ ದನದ ದವಾಖಾನೆಗೆ ನಡೆದೆ. ಡಾಕ್ಟರು ಪುಣೆಯ ಕಡೆಯವರು, ಕನ್ನಡ ಬಾರದು. ಮಾತು ತಿಳಿಸಿ ಹೇಳಲು ಅಲ್ಲೊಬ್ಬ ಕಂಪೌಂಡರ ಇದ್ದ. ಅವನು ಅಂಗಳದಲ್ಲಿ ಒಂದು ಎಮ್ಮೆಯೊಡನೆ ಸೆಣಸುತ್ತಿದ್ದವನು ನನ್ನನ್ನು ಕಂಡು, "ತಡೀರಿ ಮಾಸ್ತರ, ಬಂದೆ" ಎಂದ. ಆಗ ಸುಮ್ಮನೆ ತಡೆದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು, "ಇರಲಿಬಿಡ್ರಿ, ನನಗ ಮರಾಠಿ ಬರ್ತೈತಿ" ಎಂದು ಒಳಗೆ ನುಗ್ಗಿದೆ.

ಡಾಕ್ಟರು ಬೆಳ್ಳಿಯನ್ನು ನೋಡಿ, "ಕೇಸ ಕಧೀಪಾಸೂನ?" ಎಂದು ಕೇಳಿದರು.

ಕಧೀಪಾಸೂನ ಎಂದರೆ ಯಾವಾಗಿನಿಂದ. ಅದು ನನಗೆ ಗೊತ್ತಿತ್ತು. ಕೇಸು ಎಂದರೆ ಏನು ಎಂಬುದಂತೂ ಗದಗಿನಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಬೆಚ್ಚಿದೆ. ನಮ್ಮ ಮನೆಯ ತಕರಾರು ನಿನ್ನೆ ಸಂಜೆಯದು. ಅದು ಕೋರ್ಟಿನ ಮಾತಾಗಿ ಇವರ ಕಿವಿಯವರೆಗೆ ಹೇಗೆ ಬಂತು? ನನಗೆ ತಿಳಿದ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, "ಅಜೂನ ನಾಹೀ ಸಾಹೇಬ. ರವಿವಾರ ಪರ್ಯಂತ ವೇಳ ಆಹೇ" ಎಂದೆ. ಇನ್ನೂ ಇಲ್ಲ, ರವಿವಾರದ ತನಕ ಸಮಯವಿದೆ.

ಡಾಕ್ಟರು ಬೆಳ್ಳಿಯ ಬೋಳು ಪಕ್ಕೆಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವಳ ಕೂದಲು ಸರಿಸಿ, ಕೆಂಪಾಗಿದೆಯೇ, ಹಕ್ಕಳೆ ಎದ್ದಿದೆಯೇ, ಕೆರೆದುಕೊಂಡ ಗಾಯವಿದೆಯೇ ಎಂದು ಪರೀಕ್ಷಿಸಿದರು. ಯಾವುದೂ ಇರಲಿಲ್ಲ. ಮರಿ ಹಾಕಿ ಎಷ್ಟು ದಿನವಾಯಿತೆಂದು ಕೈಸನ್ನೆಯಲ್ಲಿ ಕೇಳಿದರು, ನಾನು ಬೆರಳಲ್ಲಿ ಎರಡೂವರೆ ತಿಂಗಳು ತೋರಿಸಿದೆ. ಅವರ ಮುಖ ಅರಳಿತು. "ಕೇಸ ಪರತ ಯೇತೀಲ. ಘಾಬರೂ ನಕಾ" ಎಂದರು. ಕೇಸು ಮರಳಿ ಬರುತ್ತದೆ, ಗಾಬರಿಯಾಗಬೇಡ! ಆಮೇಲೆ, "ಸಾಬಣ ನಕೋ. ರೋಜ ದೂಧ ದ್ಯಾ" ಎಂದು, ಗಾಳಿಯಲ್ಲಿ ಕೈಯಿಂದ ಮೇಲಿನಿಂದ ಕೆಳಗೆ ಸವರಿ ತೋರಿಸುತ್ತ, "ಹಳೂ ಹಳೂ" ಎಂದರು. ಔಷಧ ಕೊಡಲಿಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ. ಸಾಬೂನು ಬೇಡ, ಅದು ನಾಯಿಯ ಮಾತು, ಸರಿ. ಆದರೆ ಕೇಸು ಒಮ್ಮೆ ಮುಗಿದರೂ ಮರಳಿ ಬರುತ್ತದೆ ಎಂದು ಒಬ್ಬ ದೊಡ್ಡ ಮನುಷ್ಯ ಹೇಳಿದ ಮೇಲೆ ರಾಜಿಯೇ ದಾರಿ. ದಿನಾಲು ಹಾಲು ಕೊಡು, ಮೆಲ್ಲಗೆ ಸವರು. ಯಾರಿಗೆ? ಯಾರು ಕೇಸು ಹಾಕುವವರೋ ಅವರಿಗೆ. ಹಾಲೆಂದರೆ ಒಳ್ಳೆಯ ಮಾತಿನ ಗುರುತು, ಸವರುವುದೆಂದರೆ ಸಮಾಧಾನ. ಡಾಕ್ಟರ ಲೋಕಜ್ಞಾನಕ್ಕೆ ನಾನು ತಲೆದೂಗಿದೆ.

ಮನೆಗೆ ಬಂದವನೇ ಒಂದು ತಂಬಿಗೆ ಹಾಲು ತೆಗೆದುಕೊಂಡು ಹಿಂದಿನ ಪಡಸಾಲೆಗೆ ಹೋದೆ. ವಿರೂಪಾಕ್ಷಪ್ಪ ಸೀರೆಯ ಎಳೆ ಬಿಚ್ಚುತ್ತ ಕೂತಿದ್ದರು. ತಂಬಿಗೆಯನ್ನು ಅವರ ಪಕ್ಕಕ್ಕಿಟ್ಟು, ಬೆನ್ನ ಮೇಲೆ ಕೈಯಿಟ್ಟು, ಮೇಲಿನಿಂದ ಕೆಳಗೆ ಮೆಲ್ಲಗೆ ಸವರಿದೆ. ಅವರು ಕಲ್ಲಾದರು. ಇನ್ನೊಮ್ಮೆ ಸವರಿದೆ.

"ಅವ್ವಾ!" ಎಂದು ವಿರೂಪಾಕ್ಷಪ್ಪ ಜೀವನದಲ್ಲಿ ಮೊದಲ ಸಲ ಕೂಗಿದರು. "ಜಲ್ದಿ ಬಾ. ಮಾಸ್ತರಿಗೆ ಏನೋ ಆಗೇತಿ!"

ಸಂಗವ್ವ ಬಂದಳು, ಹಿಂದೆಯೇ ನೀಲಾ ಓಡಿಬಂದಳು. ನಾನು ಕೈ ತೆಗೆಯದೆಯೇ, "ಗಾಬರಿ ಆಗಬ್ಯಾಡ್ರಿ, ಡಾಕ್ಟರ್ ಹೇಳ್ಯಾರ" ಎಂದೆ.

"ಏನಂದ್ರಪ್ಪಾ ಡಾಕ್ಟರು? ಅವರಂದಂಗ ಹೇಳು" ಎಂದಳು ಸಂಗವ್ವ. ಅವಳ ತವರು ಶಿರಹಟ್ಟಿ. ಅದು ಸಾಂಗ್ಲಿ ಸಂಸ್ಥಾನದಲ್ಲಿದ್ದಾಗ ಅವಳ ತಂದೆ ಕಚೇರಿಯಲ್ಲಿ ಸಿಪಾಯಿಯಾಗಿದ್ದ, ಮರಾಠಿ ಅವಳಿಗೆ ಆಟದ ಮಾತು. ನಾನು ಶಬ್ದ ತಪ್ಪದಂತೆ, "ಕೇಸ ಪರತ ಯೇತೀಲ. ರೋಜ ದೂಧ ದ್ಯಾ" ಎಂದೆ.

ಮುದುಕಿ ಗೋಡೆ ಹಿಡಿದು ನಕ್ಕಳು. ನಗುತ್ತ ನಗುತ್ತ ಕೂತೇಬಿಟ್ಟಳು. "ಎಲಾ ನಿನ್ನ! ಕೇಸ ಅಂದ್ರ ಮರಾಠ್ಯಾಗ ಕೂದ್ಲಾ ತಮ್ಮಾ. ಕೂದ್ಲಾ ತಿರಗಿ ಬರ್ತಾವ ಅಂದಾರ. ಹಾಲು ನಾಯಿಗೆ ಹಾಕು ಅಂದಾರ. ನನ್ನ ಮಗಗಲ್ಲ!"

ಕೇಶ ಎಂದರೆ ಕೂದಲು. ಆ ವಾರವೇ ಮಕ್ಕಳಿಗೆ ಸಮಾನಾರ್ಥಕ ಶಬ್ದಗಳಲ್ಲಿ ಅದನ್ನು ನಾನೇ ಹಲಗೆಯ ಮೇಲೆ ಬರೆಸಿದ್ದೆ. ನನ್ನ ಕೈ ವಿರೂಪಾಕ್ಷಪ್ಪನವರ ಬೆನ್ನಿನಿಂದ ತಾನಾಗಿಯೇ ಜಾರಿತು.

ಸಂಗವ್ವ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. ಈಗ ಅವಳ ದನಿಯಲ್ಲಿ ನಗೆ ಇರಲಿಲ್ಲ. "ಬಾಣಂತಿ ಕೂದ್ಲಾ ಉದುರೂದು ಯಾವಾಗಿಂದೋ ಐತಿ ವಿರೂಪಾಕ್ಷಿ. ನಿನ್ನ ಹಡದು ಮೂರು ತಿಂಗಳಿಗೆ ನನ್ನ ತಲಿ ಬೋಳಾಗಿತ್ತು. ಎಳಿ ಎಳಿ ನಿಮ್ಮಪ್ಪನ ನೂಲಿನ್ಯಾಗ ಸಿಗತಿದ್ದವು. ಅಂವ ನನ್ನ ತವರಿಗೆ ಕಳಿಸಿದ್ನೇನು? ರವಿವಾರದ ತನಕ ಟೈಮ್ ಕೊಟ್ಟಿದ್ನೇನು?"

ವಿರೂಪಾಕ್ಷಪ್ಪ ಎದ್ದು, ಹಾಸು ನೂಲಿಗೆ ಗಂಜಿ ಹಚ್ಚುವ ಒಂದು ಹಳೆಯ ಕುಂಚ ತಂದು, "ಆಕಿನ್ನ ಹಿತ್ತಲಕ್ಕ ಕರಕೊಂಡು ಬರ್ರಿ" ಎಂದರು.

ನಾನು ಎಂಟು ದಿನ ಹೋರಾಡಿ ಸೋತ ಕೆಲಸವನ್ನು ಆ ಮನುಷ್ಯ ಕುಕ್ಕರಗಾಲಲ್ಲಿ ಕೂತು ಮಾಡಿದ್ದನ್ನು ನೋಡಬೇಕಿತ್ತು. ಕೂದಲು ಮಲಗಿದ ದಿಕ್ಕಿಗೇ ಕುಂಚ ಹಿಡಿದು, ಕುತ್ತಿಗೆಯಿಂದ ಬಾಲದವರೆಗೆ ಮೆಲ್ಲಗೆ ಎಳೆಯುತ್ತಿದ್ದರು. ಎಳೆ ಹರಿಯದಂತೆ ನೂಲು ತೀಡಿದ ಕೈ ಅದು. ಸತ್ತ ಕೂದಲೆಲ್ಲ ಕುಂಚಕ್ಕೆ ಬಂತು, ಇರುವುದು ಉಳಿಯಿತು. ನನಗೆ ಎಂದೂ ತಲೆಬಾಗದ ಬೆಳ್ಳಿ ಅವರ ಮೊಣಕಾಲ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದಳು. "ಗಾಳ್ಯಾಗ ಹಾರೂದಕಿಂತ ಮೊದಲ ನಾವ ತಕ್ಕೊಂಡ್ರ ಮಗ್ಗಕ್ಕ ಬರೂದಿಲ್ರಿ" ಎಂದರು ವಿರೂಪಾಕ್ಷಪ್ಪ. ಅಂದಿನಿಂದ ಮುಂಜಾನೆ ಮಗ್ಗಕ್ಕೆ ಕೂರುವ ಮೊದಲು ಹಿತ್ತಲಲ್ಲಿ ಅದು ಅವರದೇ ಕೆಲಸವಾಯಿತು. ನೀಲಾ ಹಾಲು, ಮೊಸರನ್ನ, ಹುರಿದ ಶೇಂಗಾದ ಪುಡಿ ಕಲಸಿ ಹಾಕಿದಳು. ನನ್ನ ಪಾಲಿಗೆ ಏನೂ ಮಾಡದಿರುವ ಕೆಲಸ ಬಂತು. ಸೀರೆ ಮದುವೆಗೆ ಎರಡು ದಿನ ಮುಂಚೆ ಮುಂಡರಗಿಗೆ ಹೋಯಿತು. ರವಿವಾರ ಬಂತು, ಹೋಯಿತು, ಯಾರೂ ಅದರ ಸುದ್ದಿ ತೆಗೆಯಲಿಲ್ಲ.

ಕರ್ನಾಟಕ ಒಂದಾದ ದಿನ ಓಣಿಯಲ್ಲಿ ತಳಿರುತೋರಣ ಕಟ್ಟಿದರು, ಪೇಢೆ ಹಂಚಿದರು. ಅಷ್ಟರಲ್ಲಿ ಬೆಳ್ಳಿಯ ಮೈತುಂಬ ಹೊಸ ಕೂದಲು, ಮೊದಲಿಗಿಂತ ಮೆತ್ತಗೆ. ಅವಳನ್ನು ನೋಡಿದ ಓಣಿಯವರೆಲ್ಲ "ಮಾಸ್ತರು ಭಾರಿ ಇಲಾಜು ಮಾಡ್ಯಾರ" ಎಂದರು. ನಾನು ಅಲ್ಲಗಳೆಯಲಿಲ್ಲ. ಸುದ್ದಿ ಊರು ದಾಟಿತು. ಒಂದು ದಿನ ಲಕ್ಕುಂಡಿಯಿಂದ ಒಬ್ಬ ರೈತ, ಕೂದಲುದುರಿದ ಒಂದು ಕೆಂಚು ನಾಯಿಯನ್ನು ಮೈಲುಗಟ್ಟಲೆ ನಡೆಸಿಕೊಂಡು ನನ್ನಲ್ಲಿಗೆ ಬಂದ. ನಾನು ಕಟ್ಟೆಯ ಮೇಲಿಂದಲೇ ಒಂದು ನೋಟ ಹರಿಸಿ, ಡಾಕ್ಟರಂತೆ ಕೈ ಬೀಸಿ, "ಗಾಬರಿ ಆಗಬ್ಯಾಡ್ರಿ. ಇದು ಬಾಣಂತಿ ಕೂದ್ಲಾ, ಕೇಸ ಪರತ ಯೇತೀಲ. ಹಾಲು ಹಾಕ್ರಿ, ದಿನಾ ಮೆಲ್ಲಕ ತೀಡ್ರಿ. ಮರಿ ಎಷ್ಟು ಹಾಕೇತಿ?" ಎಂದು ಕೇಳಿದೆ.

ರೈತ ನಾಯಿಯನ್ನು ನೋಡಿದ, ನನ್ನನ್ನು ನೋಡಿದ. ಬಹಳ ಮರ್ಯಾದಸ್ಥ ಮನುಷ್ಯ, ದನಿ ತಗ್ಗಿಸಿ, ಬೇರೆಯವರಿಗೆ ಕೇಳದಂತೆ ಹೇಳಿದ: "ಇದು ಗಂಡುನಾಯಿರೀ ಮಾಸ್ತರ."