ಎದುರುಮನೆಯವನ ಜೋಡಿ ಫ್ಯಾನು

ಕ್ಲೆಮ್ ಹೆನೆಸಿಗೆ ಎದುರುಮನೆಯ ರಸೆಲ್ ಮೇಲೆ ಹಗೆಯೇನೂ ಇರಲಿಲ್ಲ. ಅವನು ಇದೇ ಊರಿನಲ್ಲಿದ್ದಾನೆ, ಉಸಿರಾಡುತ್ತಾನೆ, ಅವನ ಗಾಡಿ ಕುದಿಯುವುದಿಲ್ಲ. ಈ ಮೂರನ್ನು ಬಿಟ್ಟರೆ ಬೇರೆ ತಕರಾರಿರಲಿಲ್ಲ.

ಮರಳುಗಾಡಿನಂಚಿನ ಅವರ ಊರು ವಿಂಡೋರಾ ಎಂದರೆ ನೂರು ಜನ, ಒಂದು ಪಬ್ಬು, ಲೆಕ್ಕವಿಲ್ಲದಷ್ಟು ನೊಣ. ಆ ನೂರು ಜನರಲ್ಲಿ ಗಾಡಿಯ ವಿಷಯ ಬಂದರೆ ಇಪ್ಪತ್ತಾರು ವರ್ಷಗಳಿಂದ ಕ್ಲೆಮ್ ಹೇಳಿದ್ದೇ ವೇದವಾಕ್ಯ. ಅವನು ಕೌನ್ಸಿಲ್ಲಿನಲ್ಲಿ ಮಣ್ಣುರಸ್ತೆ ಸಮ ಮಾಡುವ ದೈತ್ಯಯಂತ್ರದ ಸಾರಥಿ. ರಸೆಲ್ ಆದರೋ ನಿವೃತ್ತ ಇತಿಹಾಸದ ಮೇಷ್ಟ್ರು, ಒಂಟಿ ಗಂಡಸು, ಊರಿಗೆ ಬಂದು ಎಂಟು ತಿಂಗಳು. ಅಂಥವನು ತನ್ನ ಹಳೇ ಫೋರ್‌ವ್ಹೀಲ್ ಗಾಡಿಯ ರೇಡಿಯೇಟರಿಗೆ ಎರಡು ಕರೆಂಟ್ ಫ್ಯಾನು ಕೂರಿಸಿಕೊಂಡು, ಈಸ್ಟರ್ ರಜೆಯಲ್ಲಿ ಊರಾಚೆಯ ಕೆಂಪು ಮರಳುದಿಬ್ಬವನ್ನು ಒಂದೇ ಉಸಿರಿಗೆ ಹತ್ತಿಬಿಟ್ಟ. ಕ್ಲೆಮ್‌ನ ಗಾಡಿ ಅರ್ಧ ದಾರಿಯಲ್ಲೇ ಕುದಿದು, ಸಿಳ್ಳೆ ಹಾಕಿ, ನಿಂತುಕೊಂಡಿತು. ಅದರ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ಸುತ್ತುವಂಥದ್ದು. ಎಂಜಿನ್ ಏದುಸಿರು ಬಿಡುವಾಗಲೇ ಅದೂ ಸೋಮಾರಿಯಾಗುತ್ತಿತ್ತು, ಸರ್ಕಾರಿ ನೌಕರನ ಹಾಗೆ. (ಕ್ಲೆಮ್ ಕೂಡ ಸರ್ಕಾರಿ ನೌಕರನೇ ಎಂಬುದು ಬೇರೆ ಮಾತು.)

ಅದಾದರೂ ಹೋಗಲಿ ಎನ್ನಬಹುದಿತ್ತು. ಆದರೆ ಹೆಂಡತಿ ಗ್ಲೆಂಡಾ ಸದ್ದಿಲ್ಲದೆ ಕೆಳಗಿಳಿದು, ಟೋಪಿ ಎತ್ತಿಕೊಂಡು, ನೆರವಿಗೆಂದು ವಾಪಸ್ ಬಂದ ರಸೆಲ್‌ನ ಗಾಡಿ ಹತ್ತಿ ದಿಬ್ಬದ ತುದಿಗೆ ಹೋಗಿದ್ದಳು. ಮೇಲಿನಿಂದ ಕೈ ಬೇರೆ ಬೀಸಿದ್ದಳು.

ಅಂದಿನಿಂದ ಊಟದ ಮೇಜಿನಲ್ಲಿ ಅದೇ ಮಾತು.

“ಅವರ ಗಾಡೀಲಿ ಬಿಸಿ ತೋರಿಸೋ ಮುಳ್ಳು ಅರ್ಧದಿಂದ ಮೇಲೇಳೋದೇ ಇಲ್ಲ ಗೊತ್ತಾ?”

“ಅವನ ಮುಳ್ಳು ನೋಡೋಕೆ ನೀನ್ಯಾಕೆ ಹೋದೆ?”

“ಮತ್ತೇನು ನೋಡ್ಲಿ, ಅವರ ಮುಖನಾ?”

ಕ್ಲೆಮ್ ತಟ್ಟೆಯಲ್ಲಿದ್ದ ಕುರಿಮಾಂಸವನ್ನು ಮರ ಕೊಯ್ಯುವವನಂತೆ ಕೊಯ್ದ. “ಅವನ ಹತ್ರ ಇರೋದು ಎರಡು ಫ್ಯಾನಲ್ಲ, ಮೂರು. ಮೂರನೇದು ನನ್ನೆದುರು ಕೂತು ಆಲೂಗಡ್ಡೆ ತಿಂತಾ ಇದೆ.”

“ನಿನ್ನ ಗಾಡಿಗೂ ಹಾಕಬಹುದು, ಕ್ಲೆಮ್. ಬೇಕಾದ್ರೆ ನಾನು...”

“ಆ ಮೇಷ್ಟ್ರ ಹತ್ರ ನಾನು ಪಾಠ ಹೇಳಿಸ್ಕೋಬೇಕಾ? ನಾನೇ ಹಾಕ್ತೀನಿ. ನೀನು ಸುಮ್ನಿರು.”

ಗ್ಲೆಂಡಾ ಸುಮ್ಮನಾದಳು. ಮೂವತ್ತು ವರ್ಷದ ಸಂಸಾರದಲ್ಲಿ ಹೇಳಿದ ಕೂಡಲೇ ಅವಳು ಸುಮ್ಮನಾದದ್ದು ಅದೇ ಮೊದಲು. ಕ್ಲೆಮ್‌ಗೆ ಅನುಮಾನ ಬಂತು. ಈಸ್ಟರಿಗೆ ಮುಂಚೆ ಒಂದು ವಾರ ಅವಳು ದಿನಾ ಮಧ್ಯಾಹ್ನ ಎದುರುಮನೆಗೆ ಹೋಗುತ್ತಿದ್ದಳು. ಕೇಳಿದರೆ, “ಮೇಷ್ಟ್ರಿಗೆ ಚೂರು ಸಹಾಯ” ಎನ್ನುತ್ತಿದ್ದಳು. ಬಂದವಳೇ ಸೋಪು ಹಾಕಿ ಕೈ ತೊಳೆದದ್ದೇ ತೊಳೆದದ್ದು. ಅಷ್ಟು ಕೈ ತೊಳೆಯಬೇಕಾದ ಸಹಾಯ ಜಗತ್ತಿನಲ್ಲಿ ಯಾವುದು? ಆ ಪ್ರಶ್ನೆ ಕ್ಲೆಮ್‌ನ ಹೊಟ್ಟೆಯಲ್ಲಿ ಕುದಿಯತೊಡಗಿತು. ಅಲ್ಲಿಗೆ ಯಾವ ಕಂಪನಿಯೂ ಫ್ಯಾನು ಮಾಡುವುದಿಲ್ಲ.

ಮರುದಿನವೇ ಅವನು ಗುಜರಿಯಿಂದ ಜೋಡಿ ಫ್ಯಾನು ತಂದ. ರಸೆಲ್‌ನವಕ್ಕಿಂತ ಎರಡು ಬೆರಳು ಅಗಲವಾದವು. ಬೆಲ್ಟಿನ ಹಳೇ ಫ್ಯಾನನ್ನು ಬಿಚ್ಚಿ ಕೋಳಿಗೂಡಿನ ಹಿಂದಕ್ಕೆ ಎಸೆದ. ಹೊಸವನ್ನು ರೇಡಿಯೇಟರಿನ ಬೆನ್ನಿಗೆ ಬಿಗಿದ. ಒಂದೊಂದು ಫ್ಯಾನಿಗೂ ಎರಡೆರಡು ತಂತಿ, ಒಂದು ನೀಲಿ, ಒಂದು ಕಪ್ಪು. ಯಾವುದು ಎಲ್ಲಿಗೆ ಎಂದು ಕ್ಲೆಮ್ ಯೋಚಿಸುತ್ತಿದ್ದಾಗ ಗ್ಲೆಂಡಾ ಬಂದು ಇಣುಕಿದಳು.

“ಕ್ಲೆಮ್, ಆ ನೀಲಿ ತಂತಿ ಇದೆಯಲ್ಲ...”

“ಗ್ಲೆಂಡಾ, ಒಳಗೆ ಕೇಕ್ ಸೀದುಹೋಗ್ತಿದೆ.”

“ನಾನು ಕೇಕ್ ಇಟ್ಟೇ ಇಲ್ಲ.”

“ಹಾಗಾದ್ರೆ ಹೋಗಿ ಇಡು.”

ಸಂಜೆ ಚಾಲೂ ಮಾಡಿದಾಗ ಫ್ಯಾನುಗಳು ವಿಮಾನದಂತೆ ಮೊರೆದವು. ಕ್ಲೆಮ್ ಗಾಡಿಯ ಮುಂದೆ ಕೈಕಟ್ಟಿ ನಿಂತ. ಗಾಳಿ ಮುಖಕ್ಕೆ ರಪ್ಪನೆ ಬಡಿದು ಇದ್ದ ನಾಲ್ಕು ಕೂದಲೂ ಹಿಂದಕ್ಕೆ ಹಾರಿದವು. ಅಂಥ ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಭಾನುವಾರ ಕ್ಲೆಮ್ ಸಾರಿ ಕರೆದಿದ್ದರಿಂದ ಅರ್ಧ ಊರು ದಿಬ್ಬದ ಹತ್ತಿರ ಸೇರಿತ್ತು. ಕ್ಲೆಮ್ ಗ್ಲೆಂಡಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಸೆಲ್‌ಗೆ “ಹಿಂದೆ ಬನ್ನಿ ಮೇಷ್ಟ್ರೇ, ನೋಡಿ ಕಲೀರಿ” ಎಂದು ಹೇಳಿ ಹೊರಟ. ಇನ್ನೂ ದಿಬ್ಬ ಶುರುವಾಗಿಲ್ಲ, ಆಗಲೇ ಮುಳ್ಳು ಮೇಲೇರಿತು. ಮರಳಿನಲ್ಲಿ ನೂರು ಗಜ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು.

ರಸೆಲ್ ಓಡಿಬಂದ. “ಏನಾಯ್ತೋ, ನನಗಂತೂ ತಿಳಿಯಲ್ಲಪ್ಪ,” ಎಂದು ಗ್ಲೆಂಡಾಳ ಮುಖ ನೋಡಿದ. ಗೆದ್ದವನ ವಿನಯವಿದು ಎಂದು ಕ್ಲೆಮ್ ಹಲ್ಲು ಕಡಿದ.

ಗ್ಲೆಂಡಾ ಇಳಿದು, ಒಂದು ಕಾಗದದ ಕರವಸ್ತ್ರವನ್ನು ಗಾಡಿಯ ಮುಂದಿನ ಜಾಲರಿಗೆ ಹಿಡಿದಳು. ಅದು ಅಲ್ಲಿ ಅಂಟಿಕೊಳ್ಳುವ ಬದಲು ಹಾರಿಬಂದು ಕ್ಲೆಮ್‌ನ ಗಡ್ಡಕ್ಕೆ ಅಂಟಿತು.

“ನೋಡು, ಗಾಳೀನ ಒಳಗೆ ಎಳೀಬೇಕು, ಇದು ಹೊರಗೆ ಊದ್ತಿದೆ. ತಂತಿ ಅದಲುಬದಲು ಮಾಡಿದ್ದೀಯ, ಫ್ಯಾನು ತಿರುಗುಮುರುಗಾಗಿ ಸುತ್ತುತ್ತಾ ಇವೆ.”

“ಇದನ್ನ ನಿನಗೆ ಹೇಳಿಕೊಟ್ಟೋರು ಯಾರು ಅಂತ ನನಗೆ ಗೊತ್ತು,” ಎಂದು ಕ್ಲೆಮ್ ರಸೆಲ್‌ನನ್ನು ದುರುಗುಟ್ಟಿ ನೋಡಿದ.

“ನಾನಾ?” ರಸೆಲ್ ಗಾಬರಿಯಾದ. “ಬಲ್ಬ್ ಬದಲಾಯಿಸೋಕೂ ನಾನು ಇವರನ್ನೇ ಕರೆಯೋದು. ನನ್ನ ಫ್ಯಾನು ಕೂರಿಸಿದ್ದು ಗ್ಲೆಂಡಾನೇ. ನಿಮಗೆ ಹೇಳಿಲ್ವಾ?”

ಕ್ಲೆಮ್ ಬಾಯಿ ತೆರೆದ. ಒಂದು ನೊಣ ಒಳಗೆ ಹೋಯಿತು.

“ನಮ್ಮಪ್ಪನ ಅಂಗಡೀಲಿ ಆರು ವರ್ಷ ಗಾಡಿ ವೈರಿಂಗ್ ಮಾಡ್ದೋಳು ನಾನು,” ಎಂದಳು ಗ್ಲೆಂಡಾ. “ಅಪ್ಪ ನಿನಗೆ ಮದುವೆ ದಿನಾನೇ ಹೇಳಿದ್ರು. ನೀನು ಆಗ ಕಾರ್ಬ್ಯುರೇಟರ್ ಬಗ್ಗೆ ಭಾಷಣ ಮಾಡ್ತಾ ಇದ್ದೆ.”

“ನನಗೆ ಮತ್ತೊಂದ್ಸಲ ಹೇಳೋಕೇನಾಗಿತ್ತು?”

“ಹೇಳೋಕೆ ಬಂದೆ. ಕೇಕ್ ಇಡು ಅಂದೆ ನೀನು. ಇಟ್ಟೆ.”

ಗಾಡಿ ತಣ್ಣಗಾದ ಮೇಲೆ ಅವಳು ಹತ್ತೇ ನಿಮಿಷದಲ್ಲಿ ತಂತಿ ಬದಲಿಸಿದಳು, ನೀರು ತುಂಬಿದಳು, ಮರಳಿನಲ್ಲಿ ಹೂತುಹೋಗದಂತೆ ಟೈರಿನ ಗಾಳಿ ಇಳಿಸಿದಳು. ಆಮೇಲೆ ಚಾಲಕನ ಸೀಟಿನಲ್ಲಿ ಕೂತು, “ನೀನು ನಡ್ಕೊಂಡು ಬಾ, ಭಾರ ಕಮ್ಮಿ ಆಗ್ಲಿ,” ಎಂದಳು. ಗಾಡಿ ಬೆಣ್ಣೆಯಲ್ಲಿ ಚಾಕು ಹೋದಂತೆ ದಿಬ್ಬ ಹತ್ತಿತು.

ಕ್ಲೆಮ್ ಬೂಟಿನ ತುಂಬ ಮರಳು ತುಂಬಿಕೊಂಡು ತುದಿ ಮುಟ್ಟುವಷ್ಟರಲ್ಲಿ, ಅವನನ್ನು ಇಪ್ಪತ್ತಾರು ವರ್ಷ ಸಲಹೆ ಕೇಳಿದ್ದವರೆಲ್ಲ ತಮ್ಮ ಗಾಡಿಗಳಲ್ಲಿ ಅವನನ್ನು ದಾಟಿ ಬಂದು ಗ್ಲೆಂಡಾಳನ್ನು ಸುತ್ತುವರಿದಿದ್ದರು. ಪಬ್ಬಿನ ಯಜಮಾನಿ ತನ್ನ ಗಾಡಿಯ ಬಾನೆಟ್ಟನ್ನು ಆಗಲೇ ಎತ್ತಿ ನಿಂತಿದ್ದಳು. ಗ್ಲೆಂಡಾ ಸಣ್ಣ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಳು.

ಕ್ಲೆಮ್ ಗುಂಪಿನ ಹಿಂದೆ ಸ್ವಲ್ಪ ಹೊತ್ತು ನಿಂತ. ಯಾರೂ ದಾರಿ ಬಿಡಲಿಲ್ಲ. ಕೊನೆಗೆ ಜನ್ಮದಲ್ಲಿ ಆಡದಷ್ಟು ಮೆತ್ತನೆಯ ದನಿಯಲ್ಲಿ ಕೇಳಿದ, “ಗ್ಲೆಂಡಾ, ನನ್ನ ಗಾಡಿ ವೈರಿಂಗ್ ಎಲ್ಲಾ ಬಿಚ್ಚಿ, ಸರಿಯಾಗಿ ಮಾಡಿಕೊಡ್ತೀಯಾ?”

ಗ್ಲೆಂಡಾ ಪುಟ ತಿರುವಿದಳು.

“ಅದಕ್ಕೇನಂತೆ, ಮಾಡ್ತೀನಿ. ನಿನ್ನದು ಏಳನೇದು. ಈ ವಾರ ಪೂರ್ತಿ ಮಧ್ಯಾಹ್ನ ರಸೆಲ್ ಮನೇಲಿ ಕೆಲಸ ಇದೆ.”