ಬೆನ್ನಿಲ್ಲದ ಬ್ಲೌಸು

ನೌಕರಿ ನನ್ನನ್ನು ಬಿಡುವ ಮೊದಲೇ ನಾನೊಂದು ಸಾಮ್ರಾಜ್ಯ ಕಟ್ಟಿಬಿಡಬೇಕು! ೨೦೦೯ರ ಆರಂಭದಲ್ಲಿ ನಾನು ತೊಟ್ಟ ಪಣ ಇದು. ಮರಾಠಿ ಸೀಮೆಯ ಹಡಪಸರದಲ್ಲಿ ಕಾರಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ನಿಂತುಹೋಗಿತ್ತು. ಉಗ್ರಾಣದ ಗುಮಾಸ್ತನಾದ ನನಗೆ ಕೆಲಸಕ್ಕಿಂತ ಆಕಳಿಕೆಯೇ ಜಾಸ್ತಿ. ಪಕ್ಕದ ಮೇಜಿನ ಕಾಂತಪ್ಪನನ್ನು ಶುಕ್ರವಾರ ಸಾಹೇಬರು ಒಳಗೆ ಕರೆದರು. ಸೋಮವಾರ ಅವನ ಕುರ್ಚಿ ಖಾಲಿ.

ನನ್ನ ಹೆಂಡತಿ ಲೀಲಾಕ್ಷಿ ಕೊಂಢವಾ ಬಡಾವಣೆಯ ನಮ್ಮ ಪುಟ್ಟ ಮನೆಯಲ್ಲೇ ಓಣಿಯ ಹೆಂಗಸರಿಗೆ ಬ್ಲೌಸು ಹೊಲಿದುಕೊಡುತ್ತಿದ್ದಳು. ಇದನ್ನೇ ದೊಡ್ಡ ಉದ್ಯಮ ಮಾಡೋಣ, ಮ್ಯಾನೇಜರು ನಾನೇ ಎಂದು ಘೋಷಿಸಿದೆ. ಅವಳು ಹಲ್ಲಿನಿಂದ ದಾರ ಕಡಿದಳು.

ಭಾನುವಾರ ಅವಳು ಕಾಯಿಪಲ್ಲೆ ತರಲು ಹೋದಳು. ಮೇಲಿನ ಮನೆಯ ಸ್ನೇಹಲ್ ತನ್ನ ತಮ್ಮನ ಮದುವೆಗೆಂದು ಹೊಲಿಸಿದ ರೇಷ್ಮೆ ಬ್ಲೌಸು ಇಸ್ತ್ರಿಗೆ ಕಾದಿತ್ತು. ಮ್ಯಾನೇಜರಾದವನು ಸುಮ್ಮನೆ ಕೂರಬಹುದೇ? ಇಸ್ತ್ರಿ ಕಾಯಿಸಿ ಒತ್ತಿದೆ. ಕಮಟು ವಾಸನೆ ಎದ್ದಿತು! ಎತ್ತಿ ನೋಡಿದರೆ ಬೆನ್ನಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆ ತನ್ನ ರುಜು ಹಾಕಿತ್ತು. ಸುಟ್ಟಷ್ಟನ್ನು ದುಂಡಗೆ ಕತ್ತರಿಸಿದೆ. ಎಡಕ್ಕೆ ವಾಲಿತು, ಬಲಕ್ಕೆ ಕತ್ತರಿಸಿದೆ. ಬಲಕ್ಕೆ ವಾಲಿತು, ಎಡಕ್ಕೆ ಕತ್ತರಿಸಿದೆ. ಕೊನೆಗೆ ತೋಳುಗಳು ಉಳಿದವು, ಬೆನ್ನು ಉಳಿಯಲಿಲ್ಲ.

ಲೀಲಾಕ್ಷಿ ಬಂದು ನೋಡಿದಳು. ಬೈಗುಳಕ್ಕೆ ಸಜ್ಜಾಗಿ ನಿಂತಿದ್ದೆ. ಅವಳು ಬೈಯಲಿಲ್ಲ, ಬ್ಲೌಸನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಅದಕ್ಕಿಂತ ಸಾಹೇಬರ ಕೋಣೆಯೇ ವಾಸಿ ಎನಿಸಿತು.

"ನೌಕರಿ ಹೋಗ್ತದಂತ ಭಾಳ ಅಂಜೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಸಾಮ್ರಾಜ್ಯದ ಮಾತೆಲ್ಲ ಬದಿಗಿಟ್ಟು ಹೌದೆಂದು ತಲೆಯಾಡಿಸಿದೆ.

"ಅಷ್ಟ ಹೇಳಿದ್ರ ಸಾಕಿತ್ತಲ್ರಿ. ಇದನ್ನ್ಯಾಕ ಸುಟ್ರಿ?"

ಅವಳು ಹಳೆಯ ಸೀರೆಯ ಜರಿ ಅಂಚನ್ನು ಬೆನ್ನಿನ ಸುತ್ತ ಕೂಡಿಸಿ, ಕಟ್ಟಲು ಲಾಡಿ ಇಟ್ಟು ಹೊಲಿದಳು. ಸಂಜೆ ಸ್ನೇಹಲ್ ಬಂದಾಗ ನಡೆದದ್ದನ್ನೆಲ್ಲ ಮರಾಠಿಯಲ್ಲಿ ಇದ್ದದ್ದಿದ್ದಂತೆ ಹೇಳಿ, ಹೊಲಿಗೆಯ ದುಡ್ಡು ಬೇಡವೆಂದಳು. ಸ್ನೇಹಲ್ ಕನ್ನಡಿಯ ಮುಂದೆ ಬಹಳ ಹೊತ್ತು ತಿರುಗಿ ನೋಡಿಕೊಂಡಳು. ಆಮೇಲೆ ನಕ್ಕು, ಮದುವೆ ಬೇಸಿಗೆಯಲ್ಲಿದೆ, ಬೆನ್ನಿಗೆ ಗಾಳಿಯಾದರೂ ಆಡಲಿ ಎಂದು ಹೇಳಿ ಒಯ್ದಳು.

ನನಗೆ ಮತ್ತೆ ಜೀವ ಬಂತು. ನೌಕರಿ ಹೋದರೂ ಇನ್ನು ಚಿಂತೆಯಿಲ್ಲ, ನಮ್ಮದೇ ಉದ್ಯಮ ಇದೆಯಲ್ಲ ಎಂದು ಎದೆಯುಬ್ಬಿಸಿದೆ.

ಲೀಲಾಕ್ಷಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹೋದ್ರ ಹೋಗ್ಲಿ ಬಿಡ್ರಿ, ಮನಿ ನಾ ನಡಸ್ತೀನಿ. ದಿನಾ ಡಬ್ಬಿನೂ ಕಟ್ಟಿಕೊಡ್ತೀನಿ. ನೀವು ಮಾತ್ರ ಮುಂಜಾನೆ ಎದ್ದು ಎಲ್ಲಿಗ್ಯಾರ ಹೋಗ್ರಿ. ಸಂಜಿತನಕ ಮನಿ ಕಡೆ ಬರಬ್ಯಾಡ್ರಿ."