ಒಂದು ಖೋಲಿ, ಎರಡು ಹೊಳಿ

"ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ನೀ ಟ್ಯೂಷನ್ ಹೇಳ್ತೀಯಾ? ನಿನ್ನ ಕೈಲಿ ಆಗಂಗಿಲ್ಲ ಯವ್ವಾ" ಅಂದವರು ನನ್ನ ಖೋಲಿಯ ಮಾಲಕರು. ರಾಯಚೂರಿನಲ್ಲಿ ಅವರದೊಂದು ಖೋಲಿ ಬಾಡಿಗೆಗೆ ಹಿಡಿದು ನಾನು ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅದನ್ನು ನನಗೇ ಮಾರಿಬಿಡಿ ಎಂದು ಕೇಳಿದ್ದಕ್ಕೆ ಈ ಮಾತು. ನಾಲ್ಕನೇ ಕ್ಲಾಸಿನ ಆಚೆಗಿನದನ್ನೆಲ್ಲ ವಾಚನಾಲಯದಲ್ಲಿ ಕೂತು ಒಬ್ಬಳೇ ಓದಿಕೊಂಡವಳು ನಾನು, ಜಗ್ಗಲಿಲ್ಲ. ಕಡೆಗೆ ಅವರೊಂದು ಕರಾರು ಹಾಕಿದರು. ಈ ಮಳೆಗಾಲ ಮುಗಿಯುವ ತನಕ ಓಣಿಯಿಂದ ಒಂದೂ ತಕರಾರು ಬರಬಾರದು. ಬಾರದಿದ್ದರೆ ಖೋಲಿ ನನಗೆ, ಬಂದರೆ ಅದನ್ನು ಮೊದಲಿನಿಂದ ಕೇಳುತ್ತಿದ್ದ ಕಿರಾಣಿ ಅಂಗಡಿಯವನಿಗೆ.

ಮಕ್ಕಳಿದ್ದ ಕಡೆ ದಿನಕ್ಕೊಂದು ಗೊಂದಲ ಇದ್ದದ್ದೇ. ಆದರೆ ಸರಿಯಾಗಿ ಆ ಮಳೆಗಾಲಕ್ಕೇ ಪ್ರವಾಹದ ಪಾಠ ಬರಬೇಕೆ?

ಯಾವ ಹೊಳಿ

ನಮ್ಮ ಕಡೆ ಪ್ರವಾಹಕ್ಕೆ 'ಹೊಳಿ ಬಂತು' ಅನ್ನುತ್ತೇವೆ. ಅಲ್ಲಿಂದಲೇ ಶುರುಮಾಡೋಣವೆಂದು, ಹೊಳಿ ಬರುವುದು ಎಲ್ಲಿಂದ ಎಂದು ಕೇಳಿದೆ. ದೇವದುರ್ಗದ ಕಡೆಯ ಹುಡುಗ ಕೃಷ್ಣಾ ಅಂದ. ಮಾನ್ವಿ ತಾಲೂಕಿನ ಚೀಕಲಪರ್ವಿಯ ಹುಡುಗಿ ತುಂಗಭದ್ರಾ ಅಂದಳು. ಅವನ ಲೆಕ್ಕದಲ್ಲಿ ತುಂಗಭದ್ರಾ ಅಂದರೆ ಕಾಲುವೆ. ಅವಳ ಲೆಕ್ಕದಲ್ಲಿ ಕೃಷ್ಣಾ ಅಂದರೆ ದೇವರು. ಇಬ್ಬರೂ ಕೈ ಕೈ ಮಿಲಾಯಿಸುವಷ್ಟಕ್ಕೆ ಬಂದರು.

ನಾನು ನಕಾಶೆ ಬಿಡಿಸಿ, ಮೇಲೊಂದು ಹೊಳೆ, ಕೆಳಗೊಂದು ಹೊಳೆ, ನಡುವೆ ನಾವು ಎಂದು ತೋರಿಸಿದೆ. ಹಂಗಾದರೆ ಎರಡೂ ಒಮ್ಮೆಗೇ ಬಂದರೆ ಯಾವ ಕಡೆ ಓಡಬೇಕು ಎಂದು ಇಬ್ಬರೂ ಒಂದಾಗಿ ನನ್ನನ್ನೇ ಕೇಳಿದರು. ಅಷ್ಟರಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್ರೀ, ನಮ್ಮ ಮನಿಗೆ ಹೊಳಿ ನಳದಾಗ ಬರ್ತದ. ಅದೂ ಯಾವಾಗ ಬರ್ತದೋ ಯಾರಿಗೂ ಗೊತ್ತಿಲ್ಲ."

ಎಷ್ಟು ಕ್ಯೂಸೆಕ್

ಅಣೆಕಟ್ಟು ಪ್ರವಾಹವನ್ನು ತಡೆಯುತ್ತದೆ ಎಂದು ಪುಸ್ತಕದಲ್ಲಿತ್ತು. ಓದಿ ಹೇಳಿದೆ. ದೇವದುರ್ಗದ ಹುಡುಗ ಒಪ್ಪಲೇ ಇಲ್ಲ. ಡ್ಯಾಮಿನವರು ನೀರು ಬಿಟ್ಟಾಗಲೇ ಅವರೂರಿನ ಹಾದಿ ಮುಳುಗುತ್ತದೆ, ಬಿಡದಿದ್ದರೆ ಮುಳುಗುವುದಿಲ್ಲ. ತಡೆಯುವವರು ಯಾರು, ಕಳಿಸುವವರು ಯಾರು? ಪುಸ್ತಕ ನೋಡಿದರೆ ಪುಸ್ತಕ ಖರೆ, ಹುಡುಗನ ಮುಖ ನೋಡಿದರೆ ಹುಡುಗ ಖರೆ.

ಮರುದಿನ ವಾಚನಾಲಯದಲ್ಲಿ ಹುಡುಕಿ ಓದಿಕೊಂಡು ಬಂದೆ. ಮೇಲಿನಿಂದ ಬರುವ ನೀರನ್ನು ಅಣೆಕಟ್ಟು ಹಿಡಿದಿಟ್ಟುಕೊಳ್ಳುತ್ತದೆ, ತುಂಬುತ್ತ ಬಂದಾಗ ಅಷ್ಟಷ್ಟೇ ಬಿಡುತ್ತದೆ. ಒಮ್ಮೆಗೇ ಎಲ್ಲ ಬಂದರೆ ಕೆಳಗಿನವರು ಕೊಚ್ಚಿಹೋಗುತ್ತಾರೆ. ಇದನ್ನು ಅರ್ಥ ಮಾಡಿಸಲು, ಪಾಠ ಮುಗಿದ ಮೇಲೆ ಬಾಗಿಲಲ್ಲಿ ಅಡ್ಡ ನಿಂತು ಮಕ್ಕಳನ್ನು ಇಬ್ಬಿಬ್ಬರಾಗಿ ಹೊರಗೆ ಬಿಟ್ಟೆ. ನೋಡ್ರಿ, ನಾನೇ ಡ್ಯಾಮು, ನೀವೇ ನೀರು ಅಂದೆ.

ಅವತ್ತಿನಿಂದ ಮಕ್ಕಳು ಬಾಗಿಲಲ್ಲಿ ನಿಂತು ಇವತ್ತು ಎಷ್ಟು ಕ್ಯೂಸೆಕ್ ಬಿಡುತ್ತೀರಿ ಎಂದು ಕೇಳದೆ ಮನೆಗೆ ಹೋಗುತ್ತಿರಲಿಲ್ಲ. ಒಂದು ಸಂಜೆ ದೇವದುರ್ಗದ ಹುಡುಗನ ಅಪ್ಪ ಕರೆದೊಯ್ಯಲು ಬಂದು, ಕಾದು ಕಾದು ಬೇಸತ್ತು, ಲೇ ಹೊರಗ ಬಾರಲೇ ಎಂದು ಗದರಿದ. ಒಳಗಿನಿಂದ ಮಗ ಹೇಳಿದ:

"ತಡಿಯಪಾ, ಇನ್ನಾ ಗೇಟ್ ತೆಗದಿಲ್ಲ."

ಮೆಣಸಿನಕಾಯಿ

ಬಾಯಿಮಾತು ಸಾಲದು ಎಂದು, ಬಾಗಿಲ ಮುಂದೆ ಹಳೆಯ ತಗಡಿನ ಪರಾತದಲ್ಲಿ ಮಣ್ಣು ಹಾಕಿ ಹೊಳೆ ಮಾಡಿದೆ. ಬೆಂಕಿಪೆಟ್ಟಿಗೆಗಳ ಊರು ಕಟ್ಟಿದೆವು. ಊರಿನ ಸುತ್ತ ಮಣ್ಣಿನ ಒಡ್ಡು. ಕೊಡದಿಂದ ನೀರು ಸುರಿದೆ. ಒಡ್ಡು ನಿಂತಿತು. ಇನ್ನೊಂದು ಕೊಡ ಸುರಿದೆ. ಒಡ್ಡು, ಊರು, ಹೊಳೆ ಎಲ್ಲ ಕೂಡಿ ಮೆಟ್ಟಿಲಿಳಿದು ಎಡಮನೆಯಾಕೆ ಬಿಸಿಲು ಬಿತ್ತೆಂದು ಒಣಹಾಕಿದ್ದ ಕೆಂಪು ಮೆಣಸಿನಕಾಯಿಗೆ ನುಗ್ಗಿದವು. ಹೊಳಿ ಬಂದರೆ ಎತ್ತರದ ಜಾಗ ಹತ್ತಬೇಕೆಂದು ನಾನೇ ಕಲಿಸಿದ್ದೆನಲ್ಲ, ಮಕ್ಕಳೆಲ್ಲ ಆಕೆಯ ಅಂಗಳದ ಹೊರಸಿನ ಮಂಚದ ಮೇಲೆ ಹತ್ತಿ ನಿಂತರು. ಆಕೆ ಹೊರಗೆ ಬಂದು ಇದೇನಿದು ಅಂದಳು. ಚೀಕಲಪರ್ವಿಯ ಹುಡುಗಿ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಳು.

"ಪ್ರವಾಹ ನಿಯಂತ್ರಣ ರೀ."

ಹೊಸ ಮೆಣಸಿನಕಾಯಿ ಕೊಡಿಸಿ ಆಕೆಯ ಬಾಯಿ ಮುಚ್ಚಿಸಿದೆ. ಮಾಲಕರ ತನಕ ಮಾತು ಹೋಗಲಿಲ್ಲ. ಆದರೆ ಆಕೆಯ ಕಿವಿ ಮಾತ್ರ ಅವತ್ತಿನಿಂದ ನಮ್ಮ ಕಿಟಕಿಯ ಕಡೆಗೇ.

ನೆರೆ

ಪರೀಕ್ಷೆ ಹತ್ತಿರ ಬಂತು. ಪ್ರಶ್ನೆಗಳಲ್ಲಿ ಹೊಳಿ ಬಂತು ಎಂದು ಕೇಳುವುದಿಲ್ಲ, 'ನೆರೆ' ಎಂದು ಕೇಳುತ್ತಾರೆ. ಹಾಗಾಗಿ ದಿನಾ ಸಂಜೆ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದೆ: ನೆರೆಯಿಂದ ಹಾನಿ, ನೆರೆಯನ್ನು ಮುಂಚಿತವಾಗಿಯೇ ತಡೆಯಬೇಕು.

ಎಡಮನೆಯಾಕೆ ಎಷ್ಟು ದಿನ ತಡೆದುಕೊಂಡಾಳು? ಒಂದು ಸಂಜೆ ಮಾಲಕರನ್ನೇ ಕರೆದುಕೊಂಡು ಬಂದಳು. ಎಷ್ಟು ಅವಸರವೆಂದರೆ, ನೆರೆತ ತಲೆಗೆ ಹಸಿ ಗೋರಂಟಿ ಮೆತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಬಂದಿದ್ದಳು. ನೆರೆ ನೆರೆ ಎಂದು ಈಕೆ ನೆರೆಮನೆಯವಳಾದ ನನ್ನನ್ನೇ ಮಕ್ಕಳ ಕೈಲಿ ಬೈಸುತ್ತಿದ್ದಾಳೆ, ಬೇಕಿದ್ದರೆ ನೀವೇ ಕೇಳಿ ಅಂದಳು. ಖೋಲಿ ಹೋಯಿತು ಅಂದುಕೊಂಡೆ. ನೆರೆ ಅಂದರೆ ನೀರು ಎಂದು ಹೇಳಲು ಬಾಯಿ ತೆರೆದೆ. ಮಾಲಕರು ಕೈ ಅಡ್ಡ ಹಿಡಿದು, ನೀ ಸುಮ್ಮನಿರು, ಹುಡುಗರು ಹೇಳಲಿ ಅಂದರು.

ನೆರೆ ಬಂದರೆ ಏನಾಗುತ್ತದೆ ಎಂದು ಕೇಳಿದರು. ಮನೆಯಲ್ಲಿನ ಸಾಮಾನು ಹೋಗುತ್ತವೆ ಎಂದು ಚೀಕಲಪರ್ವಿಯ ಹುಡುಗಿ ಹೇಳಿದಳು.

"ಕೇಳಿದ್ರೇನ್ರೀ? ನಾ ಒಯ್ದದ್ದು ಒಂದ ಬಟ್ಟಲ ಸಕ್ಕರಿ" ಅಂದಳು ಎಡಮನೆಯಾಕೆ.

ಮತ್ತೆ ಏನು ಮಾಡಬೇಕು ಎಂದರು ಮಾಲಕರು. ನಡುವೆ ಎತ್ತರದ ಗೋಡೆ ಕಟ್ಟಬೇಕು, ಬರುತ್ತದೆಂದು ಗೊತ್ತಾದ ಕೂಡಲೇ ಎಲ್ಲರಿಗೂ ಕೂಗಿ ಹೇಳಬೇಕು ಎಂದಳು ಹುಡುಗಿ. ಎಡಮನೆಯಾಕೆಯ ಮುಖ ಮೆಣಸಿನಕಾಯಿಯಾಯಿತು. ಮಾಲಕರು ಗೊಂದಲಕ್ಕೆ ಬಿದ್ದು ದೇವದುರ್ಗದ ಹುಡುಗನ ಕಡೆ ತಿರುಗಿದರು.

"ನೀ ಹೇಳಲೇ, ನೆರೆ ಎಲ್ಲಿ ಬರ್ತದ?"

ಹುಡುಗ ಎಡಮನೆಯಾಕೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ತೆಲಿ ಮ್ಯಾಲ ಬರ್ತದರೀ. ತಡಿಯಾಕ ಗೋರಂಟಿ ಹಚ್ಚಿ ಚೀಲ ಕಟ್ಟಬೇಕ್ರಿ."

ಪ್ಲಾಸ್ಟಿಕ್ ಚೀಲ ಪರಪರ ಸದ್ದು ಮಾಡುತ್ತ ಬಾಗಿಲು ದಾಟಿ ಹೋಯಿತು. ಮಾಲಕರು ಅಲ್ಲೇ ಮಣೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವನು ಏನು ತಿಳಿದು ಹಾಗೆ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ತಕರಾರು ಬಂದೇಬಿಟ್ಟಿತಲ್ಲ, ಮುಂದೇನು ಎಂದು ಮಾಲಕರನ್ನು ಕೇಳಿದೆ.

"ಎಲ್ಲೀ ತಕರಾರು? ಅದು ನೆರೆ. ಬಂತು, ಹೋತು."

ಈಗ ಆ ಖೋಲಿ ನನ್ನ ಹೆಸರಿನಲ್ಲಿದೆ. ಅದಕ್ಕೆ ಹೋದದ್ದು ನನ್ನ ಕೊರಳಿನ ಬಂಗಾರದ ಬೋರಮಾಳ, ಮತ್ತು ಎಡಮನೆಯಾಕೆಯ ಜೊತೆಗಿನ ಮಾತುಕತೆ. ಬೋರಮಾಳ ಹೋದದ್ದಕ್ಕೆ ಮಾತ್ರ ಬೇಸರವಿದೆ.